ತಲೆಬಾಗಿಲ ಅಲೈದಾ ಮನೆ ಕೊಂಡದ್ದು

ಎಲ್ಡರ್ಲೋ ಎಂಬ ಹಳ್ಳಿಯಲ್ಲಿ ಪ್ರತಿ ಮನೆಗೂ ಒಂದು ತಲೆಬಾಗಿಲುಂಟು, ಆದರೆ ಅದರಲ್ಲಿ ಯಾರೂ ಓಡಾಡುವುದಿಲ್ಲ. ಹಸಿರು ಬಣ್ಣ ಬಳಿದು, ಹಿತ್ತಾಳೆಯ ಹಿಡಿಯನ್ನು ಫಳಫಳ ಉಜ್ಜಿ, ಎರಡು ಕಡೆ ಹೂಕುಂಡ ಇಟ್ಟು ಅದನ್ನು ಮುಚ್ಚಿಯೇ ಇಟ್ಟಿರುತ್ತಾರೆ. ಮದುವಣಗಿತ್ತಿ ಒಳಗೆ ಬರುವಾಗ ಒಮ್ಮೆ, ಹೆಣ ಹೊರಗೆ ಹೋಗುವಾಗ ಒಮ್ಮೆ ತೆರೆದರೆ ತೆರೆಯಿತು. ಮಿಕ್ಕಂತೆ ಊರಿನವರೆಲ್ಲ ಮನೆಯನ್ನು ಸುತ್ತುಹಾಕಿ ಹಿತ್ತಲಿಗೆ ಹೋಗಿ, ಮರದ ಜೋಡು ಹೊರಗೆ ಕಳಚಿ, ‘ಇದ್ದೀರಾ’ ಎಂದು ಕೂಗುತ್ತ ಸೀದಾ ಅಡುಗೆಮನೆಗೇ ಕಾಲಿಡುವುದು.

ಇಂಥ ಊರಿನಲ್ಲಿ ಮೂವತ್ತೊಂದು ವರ್ಷ, ಭಾನುವಾರ ಒಂದು ಬಿಟ್ಟು, ದಿನಾ ತಲೆಬಾಗಿಲುಗಳಿಗೇ ಹೋದವಳು ಒಬ್ಬಳು ಇದ್ದಳು. ಅಂಚೆಯ ಅಲೈದಾ ರೂರ್ಡಿಂಕ್. ಊರವರು ಅವಳನ್ನು ತಲೆಬಾಗಿಲ ಅಲೈದಾ ಎಂದೇ ಕರೆಯುತ್ತಿದ್ದರು. ಎದುರಿಗೂ ಹಾಗೇ ಕರೆಯುತ್ತಿದ್ದರು, ಅವಳೂ ನಗುತ್ತಿದ್ದಳು. ಆದರೆ ಆ ಹೆಸರಿನೊಳಗೆ ಒಂದು ಮುಳ್ಳಿತ್ತು. ತಲೆಬಾಗಿಲಿನವಳು ಎಂದರೆ ಹಿತ್ತಲಿಗೆ ಬಾರದವಳು ಎಂದು ಅರ್ಥ. ಅವಳು ಹುಟ್ಟಿದ್ದು ಏಳು ಕಿಲೋಮೀಟರು ಆಚೆಯ ಊರಿನಲ್ಲಿ. ಸೈಕಲ್ಲಿನ ಲೆಕ್ಕದಲ್ಲಿ ಅದು ಇಪ್ಪತ್ತೈದು ನಿಮಿಷ, ಎಲ್ಡರ್ಲೋದ ಲೆಕ್ಕದಲ್ಲಿ ಮೂರು ತಲೆಮಾರು. ಮದುವೆಯಾದವನಾದರೂ ಊರಿನವನೇ? ಅಲ್ಲ. ಹೂವಿನ ಲಾರಿ ಓಡಿಸುತ್ತಿದ್ದ. ಎರಡನೇ ವರ್ಷ ಸ್ಪೇನಿಗೆಂದು ಹೋದವನು ಲಾರಿಯನ್ನು ಮಾತ್ರ ವಾಪಸ್ ಕಳಿಸಿದ.

ತಲೆಬಾಗಿಲಿಗೊಂದು ಕಾಗದದ ಕಿಂಡಿ ಇರುತ್ತದಲ್ಲ, ಅದರ ಮುಚ್ಚಳವನ್ನು ಬೆರಳಿನಿಂದ ಒತ್ತಿ ಕಾಗದ ತೂರಿಸುವಾಗ ಒಳಗಿನ ಗಾಳಿ ಒಂದು ಉಸಿರಿನಷ್ಟು ಹೊರಗೆ ಬರುತ್ತದೆ. ಆ ಒಂದು ಉಸಿರಿನಲ್ಲಿ ಅಲೈದಾ ಮನೆಯನ್ನು ಓದುತ್ತಿದ್ದಳು. ಇಲ್ಲಿ ಒದ್ದೆ ನಾಯಿ. ಇಲ್ಲಿ ನಿನ್ನೆಯ ಬಟಾಣಿ ಸಾರು. ಇಲ್ಲಿ ಹೊಸ ಬಣ್ಣ, ಅಂದರೆ ಕೂಸು ಬರುವುದಿದೆ. ಇಲ್ಲಿ ಕರ್ಪೂರದ ಮುಲಾಮು, ಅಂದರೆ ಅಜ್ಜನಿಗೆ ಮತ್ತೆ ಕೆಮ್ಮು. ಒಂದೇ ಒಂದು ಮನೆಯ ವಾಸನೆ ಮಾತ್ರ ಅವಳ ಮೂಗಿಗೆ ದಕ್ಕಿರಲಿಲ್ಲ. ಗಿರಣಿ ಓಣಿಯ ತುದಿಯಲ್ಲಿ ಎರಡು ಓಕ್ ಮರಗಳ ನಡುವಿನ ಇಟ್ಟಿಗೆ ಮನೆ, ಯೆನ್ನೆಕೆಯದು. ಅದರ ಕಿಂಡಿಯಿಂದ ಬರುತ್ತಿದ್ದದ್ದು ಸಿಹಿ ಎನ್ನಲಾಗದ, ಹೊಗೆ ಎನ್ನಲಾಗದ, ಒಣಹುಲ್ಲಿನ ಒಳಗೆ ಏನೋ ಕರಗಿ ಕೂತಂತಿರುವ ವಾಸನೆ. ಏನಿರಬಹುದು ಎಂದು ಮೂವತ್ತೊಂದು ವರ್ಷ ಮೂಗು ತಿಕ್ಕಿಕೊಂಡು ಮುಂದಿನ ಮನೆಗೆ ಹೋಗಿದ್ದಳು. ಕೇಳಬಹುದಿತ್ತು. ಆದರೆ ನಿಮ್ಮ ಮನೆಯೊಳಗೆ ಏನು ವಾಸನೆ ಎಂದು ಕೇಳಬೇಕಾದರೆ ಹಿತ್ತಲಿನ ಸಲುಗೆ ಬೇಕು.

ತಿಳಿಯಬೇಕು ಎನ್ನುವುದು ಅವಳ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಅದು ಅವಳನ್ನೇ ಒಮ್ಮೆ ಸುಟ್ಟದ್ದೂ ಉಂಟು. ಅದನ್ನು ಆಮೇಲೆ ಹೇಳೋಣ.

ಅಲೈದಾ ಬಾಡಿಗೆಗೆ ಇದ್ದದ್ದು ಬೇಕರಿಯ ಮೇಲಿನ ಎರಡು ಕೋಣೆಯಲ್ಲಿ. ಅವಳಿಗೆ ಐವತ್ತನಾಲ್ಕು ತುಂಬಿದ ಚಳಿಗಾಲದಲ್ಲಿ ಬೇಕರಿಯವನು ಮೊಣಕಾಲು ನೋವೆಂದು ಒಲೆ ಆರಿಸಿದ, ಕಟ್ಟಡ ಮಾರಿದ. ಮೇ ಒಂದರೊಳಗೆ ಕೋಣೆ ಖಾಲಿ ಮಾಡಬೇಕೆಂದು ಕಾಗದ ಬಂತು. ಆ ಕಾಗದವನ್ನು ಅವಳೇ ಚೀಲದಿಂದ ತೆಗೆದು ತನ್ನದೇ ಕಿಂಡಿಗೆ ಹಾಕಿಕೊಂಡಳು. ಎಲ್ಡರ್ಲೋದಲ್ಲಿ ಬಾಡಿಗೆ ಮನೆ ಎಂಬುದು ಬೇರೆ ಇರಲಿಲ್ಲ. ಮಾರಾಟದ ಮನೆಯಂತೂ ಎರಡು ಮೂರು ವರ್ಷಕ್ಕೊಂದು ಬಂದರೆ ಬಂತು. ಪಟ್ಟಣದ ವಸತಿ ಕಚೇರಿಯವರು ಏಳನೇ ಮಹಡಿಯ ಒಂದು ಮನೆ ತೋರಿಸಿದರು. ಒಳ್ಳೆಯ ಮನೆಯೇ. ಆದರೆ ಕೆಳಗೆ ಅರವತ್ತು ಮನೆಯ ಕಾಗದದ ಡಬ್ಬಿಗಳನ್ನು ಒಂದೇ ಗೋಡೆಗೆ ಸಾಲಾಗಿ ಹೊಡೆದಿದ್ದರು. ಅಲೈದಾ ಒಂದೆರಡು ಡಬ್ಬಿಯ ಮುಚ್ಚಳ ಎತ್ತಿ ಮೂಗು ಒಡ್ಡಿ ನೋಡಿದಳು. ಎಲ್ಲದರಲ್ಲೂ ಒಂದೇ ತಗಡಿನ ವಾಸನೆ. ಅವಳು ಮೇಲಕ್ಕೂ ಹೋಗದೆ ಬಸ್ಸು ಹತ್ತಿ ಬಂದುಬಿಟ್ಟಳು.

ಹೀಗಿರುವಾಗ ಫೆಬ್ರವರಿಯ ಒಂದು ಶುಕ್ರವಾರ ಊರಿನ ಕಿವಿಗೆ ಒಂದು ಸುದ್ದಿ ಬಿತ್ತು. ಯೆನ್ನೆಕೆ, ಎಪ್ಪತ್ತೊಂದರ ಯೆನ್ನೆಕೆ, ಮದುವೆಯಾಗುತ್ತಾಳಂತೆ. ಗಂಡು ಜೀಲ್ಯಾಂಡಿನ ಕಡೆಯ ದೋಣಿಯವನು, ಇಸ್ಪೀಟು ಪಂದ್ಯದಲ್ಲಿ ಸಿಕ್ಕಿದವನು. ಮದುವೆಯಾಗಿ ಅವನ ದೋಣಿಯಲ್ಲೇ ಸಂಸಾರವಂತೆ, ಕಾಲುವೆಯಿಂದ ಕಾಲುವೆಗೆ ತೇಲಿಕೊಂಡು. ಮನೆ ಮಾರಾಟಕ್ಕಿದೆಯಂತೆ. ಊರು ಮದುವೆಯ ವಿಷಯಕ್ಕೆ ಬಾಯಿ ತೆರೆದುಕೊಂಡು ನಿಂತಿತ್ತು. ಅಲೈದಾಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಬ್ಯಾಂಕಿನವರು ಸಾಲದ ಒಪ್ಪಿಗೆ ಕೊಟ್ಟು ತಿಂಗಳಾಗಿತ್ತು. ಅವಳು ಸಂಜೆ ಕೆಲಸ ಮುಗಿಸಿ, ಕೂದಲು ಬಾಚಿ, ಸೈಕಲ್ಲು ತುಳಿದುಕೊಂಡು ಗಿರಣಿ ಓಣಿಗೆ ಹೋದಳು. ಹೋಗಿ, ತಲೆಬಾಗಿಲಿನ ಗಂಟೆ ಒತ್ತಿದಳು.

ಮೂವತ್ತೊಂದು ವರ್ಷದ ಅಭ್ಯಾಸ, ಕಾಲು ತಾನಾಗಿ ಅಲ್ಲಿಗೇ ಹೋಗಿತ್ತು. ಒಳಗೆ ಪಾತ್ರೆ ಬಿದ್ದ ಸದ್ದು. ಆಮೇಲೆ ಯಾರೋ ಓಡಿಬಂದದ್ದು, ಚಿಲಕ ಎಳೆದದ್ದು, ತೇವಕ್ಕೆ ಉಬ್ಬಿದ ಬಾಗಿಲಿನ ಜೊತೆ ಗುದ್ದಾಡಿದ್ದು. ಬಾಗಿಲು ಅರ್ಧ ತೆರೆದಾಗ ಯೆನ್ನೆಕೆಯ ಮುಖ ಸುಣ್ಣದಂತೆ ಬಿಳುಚಿತ್ತು.

“ಯಾರು ಹೋದ್ರು?”

“ಯಾರೂ ಹೋಗಿಲ್ಲ ಚಿಕ್ಕಮ್ಮ. ಮನೆ ಕೇಳೋಣ ಅಂತ ಬಂದೆ.”

ಯೆನ್ನೆಕೆ ಬಾಗಿಲಿಗೆ ಒರಗಿಕೊಂಡು ಉಸಿರು ಬಿಟ್ಟಳು. ಹನ್ನೊಂದು ವರ್ಷದ ಹಿಂದೆ ತನ್ನ ಗಂಡ ಹೊಲದಲ್ಲಿ ಬಿದ್ದ ದಿನ ಒತ್ತಿದ್ದೇ ಕೊನೆ, ಆ ಗಂಟೆಯನ್ನು ಮತ್ತೆ ಯಾರೂ ಮುಟ್ಟಿಲ್ಲವೆಂದಳು. ಬಿಳುಪು ಹೋಗಿ ಮುಖ ಕೆಂಪಾಯಿತು. “ಮನೆ ಕೇಳೋಳು ಹಿತ್ತಲಿಂದ ಬರ್ತಾಳೆ ಕಣೇ. ಹೋಗು, ಸುತ್ತಿ ಬಾ. ನಾನು ಬಾಗಿಲು ಹಾಕ್ಕೋತೀನಿ, ನೀನು ಬಂದೇ ಇಲ್ಲ ಅನ್ಕೋತೀನಿ.”

ಅಲೈದಾ ತೆಪ್ಪಗೆ ಮನೆ ಸುತ್ತಿದಳು. ಕಲ್ಲಿನ ಬಾವಿ, ಕೋಸಿನ ಮಡಿ, ಸೌದೆಯ ಗೂಡು. ಈ ಮನೆಗೆ ಇಂಥದೊಂದು ಬೆನ್ನು ಇದೆ ಎಂದು ಅವಳು ನೋಡಿದ್ದೇ ಅವತ್ತು. ಹಿತ್ತಲ ಬಾಗಿಲಲ್ಲಿ ‘ಇದ್ದೀರಾ’ ಎಂದು ಕೂಗಿ ಅವಳಿಗೆ ಅಭ್ಯಾಸವಿರಲಿಲ್ಲ. ಒಳಗಿನಿಂದ ಯೆನ್ನೆಕೆಯೇ, “ಇದ್ದೀನಿ, ಬಾ,” ಎಂದು ಅವಳಿಗೆ ಕೆಲಸ ಉಳಿಸಿದಳು.

ಕಾಫಿ ಬಂತು. ಬಿಸ್ಕತ್ತಿನ ಡಬ್ಬಿ ಒಬ್ಬರಿಗೊಂದರಂತೆ ಒಮ್ಮೆ ತೆರೆದು ಮುಚ್ಚಿತು. ಅಲೈದಾ ಮನೆಯ ಗೋಡೆ, ಮಾಡು, ನೀರಿನ ಕೊಳವೆ ಇವನ್ನೆಲ್ಲ ಕೇಳಬೇಕೆಂದು ಬಂದವಳು. ಬಾಯಿಗೆ ಬಂದದ್ದು ಬೇರೆ. ನಿಮ್ಮ ಮನೆಯಲ್ಲಿ ಇದೇನು ವಾಸನೆ ಚಿಕ್ಕಮ್ಮ, ಎಂದು ಕೇಳಿಬಿಟ್ಟಳು. ಯೆನ್ನೆಕೆ ಅವಳನ್ನು ಅಟ್ಟದ ಏಣಿ ಹತ್ತಿಸಿದಳು. ಅಟ್ಟದ ತುಂಬ ಹುಲ್ಲಿನ ಜೇನುಬುಟ್ಟಿಗಳು, ಬೋರಲು ಹಾಕಿದ ಟೋಪಿಗಳ ಹಾಗೆ, ಇಪ್ಪತ್ತಕ್ಕೂ ಹೆಚ್ಚು. ಯೆನ್ನೆಕೆಯ ಅಪ್ಪ ಹೆಣೆದವು. ನೇರಳೆ ಬಣ್ಣದ ಹೂವಿನ ಬಯಲು ಇದ್ದ ಕಾಲದಲ್ಲಿ ಆಗಸ್ಟಿಗೆ ಜೇನುಹುಳುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ಬಯಲಲ್ಲಿ ಇಳಿಸುತ್ತಿದ್ದನಂತೆ. ಹುಳು ಹೋಗಿ ಐವತ್ತು ವರ್ಷವಾದರೂ ಮೇಣ ಹುಲ್ಲಿನಲ್ಲೇ ಉಳಿದಿತ್ತು. ಅಲೈದಾ ಒಂದು ಬುಟ್ಟಿಯೊಳಗೆ ತಲೆ ಹಾಕಿ ಉಸಿರೆಳೆದುಕೊಂಡಳು. ಇಷ್ಟು ವರ್ಷ ಕಿಂಡಿಯಲ್ಲಿ ಒಂದೊಂದೇ ಅಕ್ಷರವಾಗಿ ಬರುತ್ತಿದ್ದದ್ದು ಈಗ ಪೂರಾ ವಾಕ್ಯವಾಗಿ ಬಂತು. ಇಳಿಯುವಾಗ ಅವಳಿಗೆ ಈ ಮನೆ ಬೇಕು ಎನ್ನಿಸಲಿಲ್ಲ. ಈ ಮನೆ ಬಿಟ್ಟು ಬೇರೆ ಬೇಡ ಎನ್ನಿಸಿತು. ಅದು ಹೆಚ್ಚು ಕಷ್ಟದ ಸ್ಥಿತಿ.

ಕೆಳಗೆ ಬಂದ ಮೇಲೆ ಯೆನ್ನೆಕೆ ವಿಷಯ ಬಿಚ್ಚಿದಳು. ನಾಳೆ ದಲ್ಲಾಳಿ ತೈಮೆನ್, ನೀನೂ ಸೇರಿ, ಆರು ಜನಕ್ಕೆ ಮನೆ ತೋರಿಸುತ್ತಾನೆ. ಉಟ್ರೆಕ್ಟಿನವರಿದ್ದಾರೆ, ಆಮ್‌ಸ್ಟರ್‌ಡ್ಯಾಮಿನವರಿದ್ದಾರೆ. ಯಾರು ಎಷ್ಟು ಬೇಕಾದರೂ ಬರೆದುಕೊಡಲಿ, ಯಾರಿಗೆ ಕೊಡಬೇಕು ಎಂಬುದು ನನ್ನಿಷ್ಟ, ಗುರುವಾರ ಹೇಳುತ್ತೇನೆ ಎಂದಳು.

“ಹೆಚ್ಚು ಕೊಟ್ಟೋರಿಗೆ ಕೊಡಲ್ವಾ?”

“ದೋಣೀಲಿ ಅಷ್ಟು ದುಡ್ಡು ಇಟ್ಕೊಂಡು ಏನು ಮಾಡ್ಲಿ, ಮುಳುಗೋಕಾ? ನೋಡು, ಈ ಮನೆ ಜೊತೆ ಪಕ್ಕದ ಮನೆ ಲುಬ್ಬರ್ಟ್ ಬರ್ತಾನೆ. ಅವನಿಗೆ ಮೊದಲನೇ ನೆರೆ ಈ ಮನೆ, ಅವನ ಸಾವು ನೋವಿನ ಕೆಲಸ ಎಲ್ಲ ಈ ಮನೆಯೋರದ್ದು. ಅವನು ಸೈ ಅಂದೋರಿಗೆ ಮನೆ. ಅವನು ಒಲ್ಲೆ ಅಂದ್ರೆ ಚಿನ್ನದ ಇಟ್ಟಿಗೆ ತಂದ್ರೂ ಇಲ್ಲ.”

ಅಲೈದಾಳ ಕೈಯಲ್ಲಿ ಕಾಫಿ ತಣ್ಣಗಾಯಿತು. ಅವಳಿಗೂ ಲುಬ್ಬರ್ಟನಿಗೂ ಮಾತಿಲ್ಲವೆಂದು ಯೆನ್ನೆಕೆಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿ, ಅವಳ ಮುಖವನ್ನು ನೋಡದೆ ಲೋಟ ತೊಳೆಯಲು ಎದ್ದಳು.

ಆಮೇಲೆ ಹೇಳೋಣ ಎಂದದ್ದು ಇದನ್ನೇ. ಹದಿನಾಲ್ಕು ವರ್ಷದ ಹಿಂದೆ, ಹುಲ್ಲು ಕೊಯ್ಲಿನ ಜೂನಿನಲ್ಲಿ, ಲುಬ್ಬರ್ಟ್ ಅಸ್ಸಿಂಕ್‌ಗೆ ಕೆನಡಾದಿಂದ ಒಂದು ಕಾರ್ಡು ಬಂತು. ಲಕೋಟೆಯಲ್ಲ, ಚಿತ್ರದ ಕಾರ್ಡು. ಅಲೈದಾ ಕಾರ್ಡುಗಳನ್ನು ಓದುತ್ತಾಳೆ ಎಂಬುದು ಊರಿಗೆ ತಿಳಿದ ಗುಟ್ಟು. ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಕಾರ್ಡಿನಲ್ಲಿ ಲುಬ್ಬರ್ಟನ ಅತ್ತಿಗೆ ಬರೆದಿದ್ದಳು, ಡೆರ್ಕ್‌ಗೆ ಇನ್ನು ಮೂರು ತಿಂಗಳೆಂದು ಡಾಕ್ಟರು ಹೇಳಿದ್ದಾರೆ, ಉದ್ದದ ಕಾಗದ ಆಮೇಲೆ ಬರೆಯುತ್ತೇನೆ ಎಂದು. ಡೆರ್ಕ್ ಎಂದರೆ ಲುಬ್ಬರ್ಟನ ಒಬ್ಬನೇ ಅಣ್ಣ. ಅಲೈದಾ ಕಣ್ಣಲ್ಲಿ ನೀರು ತಂದುಕೊಂಡು ಕಾರ್ಡನ್ನು ತಲೆಬಾಗಿಲ ಕಿಂಡಿಗೆ ಹಾಕಿದಳು. ಅದೇ ಕಣ್ಣೀರಲ್ಲಿ ಬೇಕರಿಗೆ ಹೋಗಿ ಬೇಕರಿಯವನ ಹೆಂಡತಿಗೆ ಹೇಳಿದಳು. ಪಾಪ ಎನ್ನಿಸಿಯೇ ಹೇಳಿದ್ದು, ಕೆಟ್ಟ ಮನಸ್ಸಿನಿಂದಲ್ಲ. ಆದರೆ ಲುಬ್ಬರ್ಟ್ ಇದ್ದದ್ದು ಹೊಲದಲ್ಲಿ. ಮಧ್ಯಾಹ್ನ ಹಸಿದು ಮನೆಗೆ ಬಂದರೆ ಹಿತ್ತಲಲ್ಲಿ ಮೂರು ಜನ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು, ಅಣ್ಣನ ವಿಷಯಕ್ಕೆ ಸಮಾಧಾನ ಹೇಳಲು. ಕಾರ್ಡು ಇನ್ನೂ ತಲೆಬಾಗಿಲ ಬಳಿ ಚಾಪೆಯ ಮೇಲೆ ಬಿದ್ದಿತ್ತು, ಸುದ್ದಿ ಅದಕ್ಕಿಂತ ಮೊದಲು ಹಿತ್ತಲಿನಿಂದ ಒಳಗೆ ಬಂತು. ಮರುದಿನ ಅವನು ಕಾಗದದ ಕಿಂಡಿಗೆ ಹಲಗೆ ಹೊಡೆದು, ರಸ್ತೆಯಂಚಿಗೆ ಒಂದು ಪೆಟ್ಟಿಗೆ ನೆಟ್ಟ. ಅಂದಿನಿಂದ ಅಲೈದಾಳ ಜೊತೆ ಅವನದು ಒಂದು ಮಾತೂ ಇಲ್ಲ.

ಶನಿವಾರ ಅಲೈದಾ ಎಲ್ಲರ ಹಾಗೆ ಮನೆ ನೋಡಿ, ತನ್ನ ಕೈಲಾದದ್ದನ್ನು ದಲ್ಲಾಳಿಗೆ ಬರೆದುಕೊಟ್ಟಳು. ಅದು ಮೇಲಿನ ಮೂರರಲ್ಲಿ ಬರುವುದಿಲ್ಲ ಎಂದು ತೈಮೆನ್‌ನ ಹುಬ್ಬೇ ಹೇಳಿತು. ಉಟ್ರೆಕ್ಟಿನ ಗಂಡಹೆಂಡಿರು ಆಗಲೇ ಲುಬ್ಬರ್ಟನನ್ನು ನೋಡಿ ಬಂದಿದ್ದರು. ಒಳ್ಳೆಯವರೇ, ಅವನಿಗೊಂದು ಹೂಗುಚ್ಛ ಒಯ್ದಿದ್ದರು. ನೆರೆಯ ಕೆಲಸವೆಲ್ಲ ನಮಗೆ ತುಂಬ ಇಷ್ಟ, ಆದರೆ ನಾವು ವಾರದ ಕೊನೆಗೆ ಮಾತ್ರ ಇರುವುದು, ಮಿಕ್ಕ ದಿನ ಫೋನಿನಲ್ಲಿ ನಡೆಯುತ್ತದೆಯೇ ಎಂದು ಕೇಳಿದರಂತೆ. ಶನಿವಾರ ಸಾಯಲು ಪ್ರಯತ್ನ ಮಾಡುತ್ತೇನೆ ಎಂದು ಲುಬ್ಬರ್ಟ್ ಹೇಳಿದನಂತೆ.

ಅಲೈದಾ ಹೋದಾಗ ಅವನು ಹಿತ್ತಲ ಕಾಲುವೆಯ ಬದಿಯಲ್ಲಿ ಏಣಿ ಹಾಕಿಕೊಂಡು ವಿಲೋ ಮರದ ತಲೆ ಸವರುತ್ತಿದ್ದ. ಎಪ್ಪತ್ತೆಂಟು ವರ್ಷ, ಏಣಿಯ ಎಂಟನೇ ಮೆಟ್ಟಿಲು. ಅವಳನ್ನು ನೋಡಿ ಗರಗಸ ನಿಲ್ಲಿಸಿದ. ಇಳಿಯಲಿಲ್ಲ.

“ಪೆಟ್ಟಿಗೆ ರಸ್ತೆ ಹತ್ರ ಇದೆ,” ಅಂದ. ಹದಿನಾಲ್ಕು ವರ್ಷದಲ್ಲಿ ಅದು ಮೊದಲ ಮಾತು.

“ಕಾಗದ ತಂದಿಲ್ಲ ಲುಬ್ಬರ್ಟ್ ಮಾವ. ಯೆನ್ನೆಕೆ ಚಿಕ್ಕಮ್ಮನ ಮನೆ ವಿಷಯಕ್ಕೆ ಬಂದೆ. ಅದಕ್ಕೆ ಮುಂಚೆ ಇನ್ನೊಂದು ಇದೆ. ಅವತ್ತು ನಾನು ಮಾಡಿದ್ದು ತಪ್ಪು.”

“ಗೊತ್ತು. ಊರಿಗೆಲ್ಲ ಗೊತ್ತಿರ್ಬೇಕು. ನೀನೇ ಹೇಳಿರ್ತೀಯ.”

ಅವನು ಎರಡು ಕೊಂಬೆ ಕೆಳಗೆ ಬೀಳಿಸಿ, ಅವಳಿನ್ನೂ ಅಲ್ಲೇ ಇರುವುದನ್ನು ಕಂಡು, ಗರಗಸವನ್ನು ಕವೆಗೆ ಸಿಕ್ಕಿಸಿದ.

“ನೆರೆ ಅಂದ್ರೆ ಹೊರೆ ಕಣೇ ಇಲ್ಲಿ. ನಾನು ಸತ್ತೆ ಅನ್ಕೋ. ಗಡಿಯಾರ ನಿಲ್ಲಿಸೋಳು ನೀನು. ಹೆಣದ ಪೆಟ್ಟಿಗೆಗೆ ಮೊದಲ ಕೈ ಕೊಡೋಳು ನೀನು. ಅದೆಲ್ಲ ಯಾರು ಬೇಕಾದ್ರೂ ಮಾಡ್ತಾರೆ. ಆಮೇಲೆ ಹನ್ನೊಂದು ಮನೆಗೆ ಹೋಗಿ ಸುದ್ದಿ ಹೇಳ್ಬೇಕು. ಮೂರು ಮಾತು. ಯಾರು ಹೋದ್ರು, ಯಾವತ್ತು ಹೋದ್ರು, ಮಣ್ಣು ಯಾವಾಗ. ನಾಲ್ಕನೇ ಮಾತು ಆಡೋ ಹಾಗಿಲ್ಲ. ನೀನು ಮೊದಲನೇ ಮನೇಲೇ ನಾಲ್ಕನೇದು ಆಡ್ತೀಯ. ಐದನೇ ಮನೆ ಹೊತ್ತಿಗೆ ನಾನು ಕೊನೇಗೆ ಏನು ತಿಂದೆ, ಡಾಕ್ಟರು ಏನಂದ್ರು, ನನ್ನ ಹಾಸಿಗೆ ಹೇಗಿತ್ತು, ಎಲ್ಲಾ ಸೇರಿರುತ್ತೆ.”

ಅವನು ಕೊನೆಗೆ ಏನು ತಿಂದಿರಬಹುದು ಎಂದು ಅಲೈದಾಳ ಮನಸ್ಸು ಆಗಲೇ ಯೋಚಿಸಲು ಹೊರಟಿತ್ತು. ರೈ ರೊಟ್ಟಿ ಮತ್ತು ಹಂದಿ ಕೊಬ್ಬು ಎಂಬಲ್ಲಿಗೆ ಬಂದೂ ಆಗಿತ್ತು.

“ನೋಡಿ ಬೇಕಾದ್ರೆ,” ಎಂದಳು. “ಏನಾದ್ರೂ ಕೊಟ್ಟು ನೋಡಿ.”

ಲುಬ್ಬರ್ಟ್ ಆಗ ಇಳಿದ. ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಒಂದು ಚಿತ್ರದ ಕಾರ್ಡು ತಂದ. ಚಿತ್ರ ಮೇಲೆ ಮಾಡಿ ಅವಳ ಅಂಗೈಯಲ್ಲಿ ಇಟ್ಟ. ಗುರುವಾರ ಬೆಳಿಗ್ಗೆ ಯೆನ್ನೆಕೆಗೆ ಕೊಡಬೇಕು, ಅಲ್ಲಿಯವರೆಗೆ ನಿನ್ನ ಹತ್ತಿರ ಇರಲಿ ಎಂದ. ಓದಬೇಡ ಎನ್ನಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ಆ ಭಾನುವಾರದಂಥ ಭಾನುವಾರ ಅಲೈದಾಳ ಜನ್ಮದಲ್ಲಿ ಇನ್ನೊಂದಿಲ್ಲ. ಕಾರ್ಡನ್ನು ಮೊದಲು ಮೇಜಿನ ಮೇಲೆ ಇಟ್ಟಳು, ಚಿತ್ರ ಮೇಲಾಗಿ. ಹೊಳೆ ಏರಿಯ ಮೇಲೆ ಮೂರು ಹಸು, ನಡುವಿನದು ಇವಳನ್ನೇ ನೋಡುತ್ತಿತ್ತು. ಅದರ ಕಣ್ಣು ತಪ್ಪಿಸಲು ರೊಟ್ಟಿ ಡಬ್ಬಿಗೆ ಹಾಕಿದಳು. ಹಸಿವಿಲ್ಲದಿದ್ದರೂ ನಾಲ್ಕು ಸಲ ರೊಟ್ಟಿ ತಿಂದಳು. ಅಲ್ಲಿಂದ ತೆಗೆದು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದವಳು, ಬರಹ ಕನ್ನಡಿಯಲ್ಲಿ ಕಾಣುತ್ತದೆಂದು ಹೆದರಿ ಹಾರಿಬಿದ್ದು ಕಿತ್ತಳು. ಲುಬ್ಬರ್ಟ್ ಯೆನ್ನೆಕೆಗೆ ಬರೆಯುವಂಥದ್ದು ಏನಿರುತ್ತದೆ? ಐವತ್ತು ಹೆಜ್ಜೆ ನಡೆದರೆ ಬಾಯಲ್ಲೇ ಹೇಳಬಹುದು. ಅಂಚೆಯವಳಿಗೆ ಕೊಡಬೇಡ ಎಂದು ಬರೆದಿರಬಹುದು. ಅಥವಾ ಕೊಡು ಎಂದು. ಅಥವಾ ಮನೆಯ ಮಾತೇ ಅಲ್ಲದೆ, ಇಷ್ಟು ವರ್ಷ ಪಕ್ಕದಲ್ಲಿದ್ದು ಆಡದ ಮಾತು ಏನಾದರೂ ಇರಬಹುದು, ದೋಣಿಯವನು ಕರೆದೊಯ್ಯುವ ಮೊದಲು. ಇಲ್ಲಿಗೆ ಬರುವಷ್ಟರಲ್ಲಿ ಅವಳಿಗೆ ಬೆವರು ಬಂದಿತ್ತು.

ಸಂಜೆ ಅವಳು ಕಾರ್ಡನ್ನು ಕೈಯಲ್ಲಿ ಹಿಡಿದು, ಕಣ್ಣನ್ನು ಕಿಟಕಿಯಾಚೆಯ ಇಗರ್ಜಿಯ ಗೋಪುರದ ಮೇಲೆ ಇಟ್ಟು ಕುಳಿತಳು. ಲುಬ್ಬರ್ಟ್ ಪೆನ್ನು ಒತ್ತಿ ಬರೆಯುವವನು. ಕಾರ್ಡಿನ ಚಿತ್ರದ ಕಡೆಗೂ ಅಕ್ಷರ ಉಬ್ಬಿತ್ತು. ಎರಡೂವರೆ ಸಾಲು. ಕೊನೆಯ ಚುಕ್ಕೆಯಂತೂ ಹಸುವಿನ ಹೊಟ್ಟೆಯಲ್ಲಿ ಗುಳ್ಳೆಯಾಗಿ ಎದ್ದಿತ್ತು. ಅಲ್ಲಿಯವರೆಗೆ ಎಣಿಸಿದ ಮೇಲೆ ಅವಳಿಗೆ ಎಚ್ಚರವಾಯಿತು. ಕಣ್ಣು ಓದದಿದ್ದರೇನು, ಬೆರಳು ಓದುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಅಕ್ಷರವನ್ನೂ ಹಿಡಿಯುತ್ತಿತ್ತು. ಅವಳು ಕಾರ್ಡನ್ನು ಕೆಳಗಿಟ್ಟು, ಬೆರಳನ್ನು ಮಡಿಲಲ್ಲಿ ಅಡಗಿಸಿಕೊಂಡಳು. ಗುರುವಾರಕ್ಕೆ ಇನ್ನೂ ನಾಲ್ಕು ದಿನ. ತನ್ನ ಬಗ್ಗೆ ಅವಳಿಗೆ ಭ್ರಮೆ ಇರಲಿಲ್ಲ.

ಸೋಮವಾರ ಚೀಲ ಖಾಲಿಯಾದ ಮೇಲೆ ಲುಬ್ಬರ್ಟನ ಹಿತ್ತಲಿಗೆ ಹೋದಳು. ಅವನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಿದ್ದ. ಅವಳು ಕಾರ್ಡನ್ನು ಹಸುಗಳು ಕಾಣುವ ಹಾಗೆ ಮೇಜಿನ ಮೇಲಿಟ್ಟಳು.

“ಇದನ್ನ ಲಕೋಟೆಗೆ ಹಾಕಿ, ಅಂಟಿಸಿ ಕೊಡಿ ಮಾವ.”

“ಓದಿದ್ಯಾ?”

“ಇಲ್ಲ. ಆದ್ರೆ ಗುರುವಾರದೊಳಗೆ ಓದ್ತೀನಿ. ಬುಧವಾರನೇ ಓದ್ತೀನೇನೋ. ಕಾರ್ಡು ಅಂದ್ರೆ ನನಗೆ ಬಾಗಿಲು ತೆಗೆದಿಟ್ಟ ಮನೆ, ಕಣ್ಣು ಒಳಗೆ ಹೋಗಿಬಿಡುತ್ತೆ. ಲಕೋಟೆ ಕೊಡಿ, ಮೂವತ್ತೊಂದು ವರ್ಷದಲ್ಲಿ ಒಂದನ್ನೂ ದೀಪಕ್ಕೆ ಹಿಡಿದು ಕೂಡ ನೋಡಿಲ್ಲ.”

“ನಾನು ಸತ್ತ ದಿನ ಲಕೋಟೆ ಎಲ್ಲಿಂದ ತರ್ತೀಯ?”

ಇದನ್ನು ಅವಳು ದಾರಿಯುದ್ದಕ್ಕೂ ಯೋಚಿಸಿ ಬಂದಿದ್ದಳು. “ನೀವೇ ಬರೆದಿಟ್ಟು ಹೋಗಿ. ನನ್ನ ಬಾಯಿಗೆ ಬಿಟ್ರೆ ಸುದ್ದಿ ಬೆಳೆಯುತ್ತೆ. ಅದು ನಿಜ. ಬೇರೆಯವರ ಕೈಬರಹ ಕೊಟ್ರೆ ಒಂದು ಅಕ್ಷರ ಆಚೆ ಈಚೆ ಆಗಲ್ಲ. ಅದೊಂದು ನನಗೆ ಬರುತ್ತೆ. ಕೊಟ್ಟದ್ದನ್ನ ಕೊಟ್ಟ ಹಾಗೇ ಮುಟ್ಟಿಸೋದು.”

ಲುಬ್ಬರ್ಟ್ ಕಾರ್ಡು ಎತ್ತಿಕೊಂಡ. ಹಸುಗಳನ್ನು ನೋಡಿದ, ಹಿಂದೆ ತಿರುಗಿಸಿ ತಾನು ಬರೆದದ್ದನ್ನು ಓದಿಕೊಂಡ. ಒಲೆಯ ಬಾಗಿಲು ತೆರೆದು ಅದನ್ನು ಬೆಂಕಿಗೆ ಹಾಕಿದ. ಅಲೈದಾ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಎರಡೂವರೆ ಸಾಲೂ ಅವಳ ಕಣ್ಣೆದುರೇ ಸುರುಟಿಕೊಂಡು ಹೋದವು. ಏನಿತ್ತು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ. ಕೇಳಿದರೆ ಅವನು ಹೇಳುವುದಿಲ್ಲ, ಅವಳೂ ತಿಂಗಳಿಗೊಮ್ಮೆಗಿಂತ ಹೆಚ್ಚು ಕೇಳುವುದಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿರು ಎಂದ. ಅರ್ಧ ಗಂಟೆಯಾಯಿತು. ಒಳಗೆ ಪೆನ್ನು ಕೆರೆಯುವುದು, ಕುರ್ಚಿ ಸರಿಯುವುದು, ಅವನು ತನಗೆ ತಾನೇ ಏನೋ ಗೊಣಗುವುದು ಕೇಳಿಸಿತು. ಕೊನೆಗೆ ಕೈಗೆ ಒಂದು ಲಕೋಟೆ ಬಂತು. ದಪ್ಪ ಕಂದು ಬಣ್ಣದ್ದು, ಅಂಟಿಗೆ ಅಂಟು ಬಳಿದು ಮುಚ್ಚಿದ್ದು. ಅದನ್ನು ಚೀಲಕ್ಕೆ ಹಾಕಿದ ಕ್ಷಣದಿಂದ ಅಲೈದಾಗೆ ಅದರ ನೆನಪೇ ಆಗಲಿಲ್ಲ. ಮೂರು ರಾತ್ರಿ ಕಲ್ಲಿನಂತೆ ಮಲಗಿದಳು.

ಗುರುವಾರ ಬೆಳಿಗ್ಗೆ ಯೆನ್ನೆಕೆಯ ಅಡುಗೆಮನೆಯಲ್ಲಿ ದಲ್ಲಾಳಿ ತೈಮೆನ್ ಆರು ಜನರ ಕಾಗದಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿಕೊಂಡು ಕೂತಿದ್ದ. ಅಲೈದಾ ಲಕೋಟೆ ಕೊಟ್ಟು ಬಾಗಿಲ ಬಳಿಯೇ ನಿಂತಳು. ಯೆನ್ನೆಕೆ ರೊಟ್ಟಿಯ ಚಾಕುವಿನಿಂದ ಅದನ್ನು ಸೀಳಿ, ಕನ್ನಡಕ ಏರಿಸಿ ಓದಿದಳು. ಓದುತ್ತಲೇ ಕೈ ಮೇಜನ್ನು ಹುಡುಕಿತು.

“ಲುಬ್ಬರ್ಟ್ ಹೋಗ್ಬಿಟ್ಟನಂತೆ.”

ಮೂವರೂ ಕಿಟಕಿಯ ಕಡೆ ತಿರುಗಿದರು. ಬೇಲಿಯಾಚೆ ಲುಬ್ಬರ್ಟ್ ಏಣಿಯ ಎಂಟನೇ ಮೆಟ್ಟಿಲಲ್ಲಿ ನಿಂತು ಮೂರನೇ ವಿಲೋ ಮರದ ತಲೆ ಸವರುತ್ತಿದ್ದ. ಗರಗಸದ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು. ಯೆನ್ನೆಕೆ ಕಾಗದವನ್ನು ಮತ್ತೆ ಮೊದಲಿನಿಂದ, ಈಗ ಗಟ್ಟಿಯಾಗಿ ಓದಿದಳು. ಲುಬ್ಬರ್ಟ್ ಅಸ್ಸಿಂಕ್ ತೀರಿಕೊಂಡಿದ್ದಾರೆ. ಇಂಥ ದಿನ, ಅಲ್ಲಿ ಜಾಗ ಖಾಲಿ. ಮಣ್ಣು ಇಂಥ ದಿನ, ಇಂಥ ಹೊತ್ತು, ಅಲ್ಲೂ ಖಾಲಿ. ಕೆಳಗೆ ಹನ್ನೊಂದು ಮನೆಗಳ ಹೆಸರು, ಯಾವುದು ಮೊದಲು, ಯಾವುದು ಆಮೇಲೆ, ಯಾರ ಮನೆಯಲ್ಲಿ ನಾಯಿ ಕಚ್ಚುತ್ತದೆ, ಯಾರಿಗೆ ಎರಡು ಸಲ ಗಟ್ಟಿಯಾಗಿ ಹೇಳಬೇಕು. ಎಲ್ಲದಕ್ಕೂ ಕೆಳಗೆ ಒತ್ತಿ ಬರೆದ ಎರಡು ಸಾಲು: ಯೆನ್ನೆಕೆ, ಇದು ನಿನಗಲ್ಲ. ಓದಿ ಆದ ಮೇಲೆ ಅಂಚೆಯವಳಿಗೆ ಕೊಡು.

ತೈಮೆನ್‌ಗೆ ತಲೆಬುಡ ತಿಳಿಯಲಿಲ್ಲ. ಯಾರೋ ತೀರಿಕೊಂಡ ವಿಷಯ ಕಾಗದಪತ್ರಕ್ಕೆ ಅಡ್ಡಿಯಾಗುತ್ತದೆಯೇ ಎಂದು ಕೇಳಿದ. ಯೆನ್ನೆಕೆ ಅವನ ಮುಂದಿನ ಎಲೆಗಳಲ್ಲಿ ಕೈಯಾಡಿಸಿ, ಅಲೈದಾಳ ಕಾಗದ ಹುಡುಕಿ ಮೇಲಿಟ್ಟಳು. ಅದಕ್ಕಿಂತ ಹೆಚ್ಚಿನದು ಮೂರಿವೆ ಎಂದು ಅವನು ನೆನಪಿಸಿದ. ಲೆಕ್ಕ ನನಗೂ ಬರುತ್ತೆ ಮರಿ, ಎಂದಳು ಯೆನ್ನೆಕೆ. ಅಲೈದಾ ಮಾತ್ರ ಕೈಗೆ ಬಂದ ಕಾಗದವನ್ನು ಓದುತ್ತ ನಿಂತಿದ್ದಳು, ಏಕೆಂದರೆ ಅದು ಈಗ ಅವಳ ಹೆಸರಿಗೆ ಬಂದ ಕಾಗದ.

ಕರಾರಿಗೆ ಸಹಿ ಹಾಕಿದ ಮೇಲೆ, ಬೇಡವೆನ್ನಿಸಿದರೆ ಹಿಂತೆಗೆಯಲು ಕೊಂಡವರಿಗೆ ಕಾನೂನು ಮೂರು ದಿನ ಕೊಡುತ್ತದೆ. ಆ ಮೂರು ದಿನ ಅಲೈದಾ ಹನ್ನೊಂದು ಮನೆಯ ಸರದಿಯನ್ನು ಬಾಯಿಪಾಠ ಮಾಡಿದಳು. ಸೈಕಲ್ಲು ತುಳಿಯುತ್ತ ಮೂರು ಮಾತನ್ನು ಹೇಳಿಕೊಂಡಳು. ನಾಲ್ಕನೆಯದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಸೈಕಲ್ಲಿನ ಗಂಟೆ ಬಾರಿಸಿದಳು. ಇವಳಿಗೇನಾಯಿತು, ಖಾಲಿ ರಸ್ತೆಯಲ್ಲಿ ಗಂಟೆ ಹೊಡೆಯುತ್ತಾಳೆ, ಎಂದು ಊರು ಆಡಿಕೊಂಡಿತು. ಏಪ್ರಿಲಿನ ಕೊನೆಗೆ ಯೆನ್ನೆಕೆ ಎರಡು ಪೆಟ್ಟಿಗೆ, ಒಂದು ಹೊಲಿಗೆ ಮಿಷನ್ನು ತೆಗೆದುಕೊಂಡು ದೋಣಿ ಹತ್ತಿದಳು. ಜೇನುಬುಟ್ಟಿಗಳನ್ನು ಬಿಟ್ಟುಹೋದಳು.

ಮೇ ತಿಂಗಳ ಎರಡನೇ ಶನಿವಾರ ಅಲೈದಾ ಹಿತ್ತಲಲ್ಲಿ ಬೀನ್ಸಿನ ಬಳ್ಳಿಗೆ ಕೋಲು ನೆಡುತ್ತಿದ್ದಾಗ ಲುಬ್ಬರ್ಟ್ ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ಬಂದ. ಆ ಕಾಗದ ಕೊಡು, ಸ್ವಲ್ಪ ತಿದ್ದಬೇಕು ಎಂದ. ಎಂಟನೇ ಮನೆಯವನ ಕೋಳಿಗಳು ಇವನ ಸಸಿಮಡಿ ಕೆದಕಿದ್ದವು. ಅವನಿಗೆ ಸುದ್ದಿ ಕೊನೆಯಲ್ಲಿ ಸಿಗಲಿ ಎಂಬುದು ಲುಬ್ಬರ್ಟನ ಆಸೆ. ಅಲೈದಾ ಒಪ್ಪಲಿಲ್ಲ. ಒಮ್ಮೆ ಕೈಗೆ ಬಂದದ್ದರ ಮೇಲೆ ಗೀಟು ಹಾಕಲು ಬಿಡುವುದಿಲ್ಲ, ಬೇಕಾದರೆ ಹೊಸದಾಗಿ ಬರೆದುಕೊಡಿ ಎಂದಳು. ಅವನು ಗೊಣಗಿಕೊಂಡು ಅವಳ ಅಡುಗೆಮನೆಯ ಮೇಜಿಗೆ ಕೂತು ಹೊಸ ಹಾಳೆಯಲ್ಲಿ ಬರೆಯತೊಡಗಿದ. ಎಂಟನೆಯವನು ಹನ್ನೊಂದಕ್ಕೆ ಹೋದ. ಆಮೇಲೆ ಪೆನ್ಸಿಲು ನಿಂತಿತು, ಮತ್ತೆ ನಡೆಯಿತು.

“ಹನ್ನೆರಡು ಮನೆ ಆಯ್ತಲ್ಲ,” ಎಂದಳು ಅಲೈದಾ, ಹಾಳೆ ಕೈಗೆ ಬಂದ ಮೇಲೆ. ಕೊನೆಯಲ್ಲಿ ಯೆನ್ನೆಕೆ ಎಂದಿತ್ತು, ಪಕ್ಕದಲ್ಲಿ ದೋಣಿಯ ಹೆಸರು. “ಇದು ಎಲ್ಲಿರುತ್ತೆ ಅಂತ ಹುಡುಕ್ಲಿ ಮಾವ? ಇವತ್ತು ಈ ಕಾಲುವೆ, ನಾಳೆ ಆ ಕಾಲುವೆ. ಸೈಕಲ್ಲಲ್ಲಿ ಹೋಗಿ ಹಿಡಿಯೋ ಹೊತ್ತಿಗೆ ಎರಡು ತಿಂಗಳಾಗುತ್ತೆ.”

ಲುಬ್ಬರ್ಟ್ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಎದ್ದ.

“ನಿಧಾನಕ್ಕೆ ಹೋಗು,” ಎಂದ. “ನನಗೇನೂ ಅವಸರ ಇರಲ್ಲ.”